ದರಿಗೆ ಇಳಿದ ಗದಿಗೆಪ್ಪ

ಗದಿಗೆಪ್ಪನಿಗೆ ಸುಮ್ಮನೆ ಕೂರುವುದೇ ಬರುತ್ತಿರಲಿಲ್ಲ. ಸಯನ್‌ನಿಂದ ವಿ.ಟಿ.ಗೆ ಹೋಗುವ ಮುಂಬಯಿ ಲೋಕಲ್‌ನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಲ್ಲುತ್ತಿದ್ದ. ನಾಲ್ಕು ಮಡಿಕೆ ಮಾಡಿದ ಇಂಗ್ಲಿಷ್ ಪೇಪರು ಎಡಗೈಯಲ್ಲಿ, ಪೆನ್ಸಿಲು ಬಲಗೈಯಲ್ಲಿ. ಮಸೀದಿ ಬಂದರ್ ಬರುವಷ್ಟರಲ್ಲಿ ಪದಬಂಧದ ಚೌಕಗಳೆಲ್ಲ ತುಂಬಿರಬೇಕು. ತುಂಬದ ದಿನ ಆಫೀಸಿನಲ್ಲಿ ಅವನ ಮೇಜಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಫೋರ್ಟ್‌ನ ಒಂದು ವಿಮಾ ಕಂಪನಿಯಲ್ಲಿ ಅವನು ಗುಮಾಸ್ತ. ಊರು ಬೆಳಗಾವಿ ಕಡೆಯ ಹಳ್ಳಿ. ಮನೆಮಾತು ಕನ್ನಡ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರಗಳನ್ನು ಅಂಗಡಿ ಬೋರ್ಡು, ಪಂಚಾಂಗ ನೋಡಿ ತಾನೇ ಕಲಿತಿದ್ದ. ಈ ವಿಷಯವನ್ನು ಮುಂಬಯಿಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬಹುಮಾನದ ಪದಬಂಧಗಳ ಹುಚ್ಚು ಊರಿಗೆಲ್ಲ ಹಿಡಿದಿದ್ದ ಕಾಲ ಅದು. ಅವನಿದ್ದ ಚಾಳಿನ ಸಾಲುಮನೆಗಳ ಜನ ಕೂಪನ್ ತುಂಬಿ ಕಳಿಸುತ್ತಿದ್ದರು. ಗದಿಗೆಪ್ಪನಿಗೆ ಅವುಗಳೆಂದರೆ ತಿರಸ್ಕಾರ. ಅವನಿಗೆ ಬೇಕಾದದ್ದು ಒಗಟಿನಂಥ ಸುಳುಹು. ಅದು ಹೇಳುವುದು ಒಂದಿರಬೇಕು, ಅದರ ಅರ್ಥ ಇನ್ನೊಂದಿರಬೇಕು, ಆದರೆ ಎಲ್ಲಿಯೂ ಸುಳ್ಳು ಹೇಳಿರಬಾರದು.

೧೯೫೪ರ ಮಳೆಗಾಲದಲ್ಲಿ ಮಾಟುಂಗದ ಕನ್ನಡ ವಾಚನಾಲಯಕ್ಕೆ ಹೋದಾಗ, ಅದನ್ನು ನೋಡಿಕೊಳ್ಳುತ್ತಿದ್ದ ಕೊರಗಪ್ಪ ಅವನ ಮುಂದೆ ಕೈಬರಹದ ಮಾಸಪತ್ರಿಕೆಯೊಂದನ್ನು ಇಟ್ಟ.

"ನಿಮ್ಮಂಥವರಿಗೇ ಉಂಟು ಇದು ಮಾರಾಯ್ರೆ. ಈ ತಿಂಗಳಿಂದ ಕನ್ನಡ ಪದಬಂಧ ಶುರು."

ಕೊನೆಯ ಪುಟದಲ್ಲಿ ಚೌಕಗಳು. ಕೆಳಗೆ 'ವಟ್ರಸುಳಿ' ಎಂಬ ಸಹಿ. ಯಾವುದೋ ಊರಿನ ಹೆಸರಿರಬೇಕೆಂದುಕೊಂಡ ಗದಿಗೆಪ್ಪ. ಮೊದಲ ಸುಳುಹು: 'ತಿರುಗಿ ಬಂದ ಕೋಗಿಲೆ ಹಲ್ಲು ಕಿರಿಯಿತು.' ಎರಡು ಅಕ್ಷರ. ಕೋಗಿಲೆ ಎಂದರೆ ಪಿಕ, ತಿರುಗಿಸಿದರೆ ಕಪಿ. ಗದಿಗೆಪ್ಪ ಜೋರಾಗಿ ನಕ್ಕುಬಿಟ್ಟ. ಪಕ್ಕದಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿ ನೋಡಿದರು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತಿದ್ದ ಸುಖ ಮನೆಮಾತಿನಲ್ಲಿ ಸಿಕ್ಕಿತ್ತು.

ಒಂದನ್ನು ಬಿಟ್ಟು ಉಳಿದವೆಲ್ಲ ಅರ್ಧ ಗಂಟೆಯಲ್ಲಿ ಮುಗಿದವು. ಉಳಿದದ್ದು ಇದು: 'ಕಣಿವೆಗೆ ಮೊದಲು ಇಳಿ, ಹಾದಿ ಕಾಣುತ್ತದೆ.' ಇದಕ್ಕೂ ಎರಡೇ ಅಕ್ಷರ. ಅಡ್ಡ ಬಂದ ಪದದಿಂದ ಎರಡನೆಯದು 'ರಿ' ಎಂದು ಗೊತ್ತಾಗಿತ್ತು. ಉತ್ತರ 'ದಾರಿ' ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಕಣಿವೆಗೆ 'ದರಿ' ಎನ್ನುತ್ತಾರೆ, ಅದೂ ಗೊತ್ತಿತ್ತು. ಆದರೆ ದರಿ ದಾರಿಯಾದದ್ದು ಹೇಗೆ? 'ಮೊದಲು ಇಳಿ' ಎಂದರೆ ಏನು?

ಅಲ್ಲಿಂದ ಅವನ ನೆಮ್ಮದಿ ಹಾಳಾಯಿತು. ಲೋಕಲ್‌ನಲ್ಲಿ ಇಂಗ್ಲಿಷ್ ಪೇಪರು ಮಡಿಕೆ ಬಿಚ್ಚದೆ ಉಳಿಯಿತು. ಎರಡು ಸಲ ಸಯನ್ ದಾಟಿ ಕುರ್ಲಾದಲ್ಲಿ ಇಳಿದು ವಾಪಸು ಬಂದ. ಆಫೀಸಿನಲ್ಲಿ ಪಾಲಿಸಿಯೊಂದರ ಅಂಚಿನ ಮೇಲೆ 'ದರಿ, ದರಿ' ಎಂದು ಬರೆದು, ಹೆಡ್ ಕ್ಲರ್ಕ್ ಕೈಯಲ್ಲಿ ಬೈಸಿಕೊಂಡ. ಮನೆಯಲ್ಲಿ ಊಟಕ್ಕೆ ಕೂತವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂರುತ್ತಿದ್ದ.

"ಉತ್ತರ ಸಿಕ್ಕೈತಿ ಅಂತೀರಿ," ಎಂದಳು ಹೆಂಡತಿ ನಾಗವ್ವ. "ಮತ್ತ ಇನ್ನೇನು ಹುಡುಕಾಕತ್ತೀರಿ?"

"ಯಾಕ ಅನ್ನೂದು ಸಿಕ್ಕಿಲ್ಲ."

"ಯಾಕಂತ ಗೊತ್ತಾದ್ರ ರೊಟ್ಟಿ ಹೆಚ್ಚು ರುಚಿ ಆಕ್ಕೈತೇನು?"

ಅವನು ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದ. ಎದ್ದು ಮನೆ ಮುಂದಿನ ಗ್ಯಾಲರಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದ. ಹದಿನೈದು ದಿನ ಕಳೆಯುವಷ್ಟರಲ್ಲಿ ತಳಮಳ ಸಿಟ್ಟಾಗಿ ತಿರುಗಿತ್ತು. ತನಗೆ ಬಿಡಿಸಲಾಗದ ಸುಳುಹು ತಪ್ಪೇ ಇರಬೇಕು. ವಾಚನಾಲಯಕ್ಕೆ ಹೋಗಿ ಓದುಗರ ಪತ್ರದ ಪುಟದಲ್ಲಿ ಬರೆದ: 'ದರಿ ಬೇರೆ, ದಾರಿ ಬೇರೆ. ಸುಳುಹು ಕಟ್ಟುವವರು ಮೊದಲು ಕಾಗುಣಿತ ಕಲಿತು ಬರಲಿ.' ಕೆಳಗೆ ಹೆಸರು, ವಿಳಾಸ.

ಬರೆದ ಮೇಲಾದರೂ ಸಮಾಧಾನವಾಯಿತೇ ಎಂದರೆ, ಇಲ್ಲ. ಎಂಟನೆಯ ದಿನ ಒಂದು ಕಾರ್ಡು ಬಂತು. 'ಕಾಗುಣಿತ ಕಲಿಯುವುದನ್ನು ನೋಡಬೇಕಿದ್ದರೆ ಶನಿವಾರ ಬೆಳಿಗ್ಗೆ ಶಾಲೆಗೆ ಬನ್ನಿ. ಸೇವಂತಿ, ಒಂದನೆಯ ಇಯತ್ತೆಯ ಟೀಚರ್.' ಜೊತೆಗೆ ಮಾಟುಂಗದ ಒಂದು ಮುನಿಸಿಪಾಲಿಟಿ ಕನ್ನಡ ಶಾಲೆಯ ವಿಳಾಸ.

ಗದಿಗೆಪ್ಪ ರಜೆ ಹಾಕಿ ಹೋದ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡಿದ್ದ. ಕ್ಲಾಸಿನಲ್ಲಿ ಐವತ್ತು ದಾಟಿದ ಉಡುಪಿ ಕಡೆಯ ಹೆಂಗಸು, ನರೆತ ತುರುಬು, ಮೊಣಕೈವರೆಗೂ ಸೀಮೆಸುಣ್ಣದ ಪುಡಿ.

"ಕೂತ್ಕೊಳ್ಳಿ," ಎಂದರು ಸೇವಂತಿ ಟೀಚರ್. "ಪಾಠ ಮುಗೀಲಿ."

ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ. ಟೀಚರ್ ಹಲಗೆಯ ಮೇಲೆ 'ದ' ಬರೆದು ಕೋಲು ಇಟ್ಟರು. ನಲವತ್ತು ಮಕ್ಕಳು ಒಟ್ಟಿಗೆ ಕೂಗಿದರು:

"ದಕಾರಕ್ಕೆ ತಲೆಕಟ್ಟು ಕೊಟ್ಟರೆ ದ! ದಕಾರಕ್ಕೆ ಇಳಿ ಕೊಟ್ಟರೆ ದಾ! ದಕಾರಕ್ಕೆ ಗುಡಿಸು ಕೊಟ್ಟರೆ ದಿ!"

ಗದಿಗೆಪ್ಪ ಎದ್ದು ನಿಂತ. ಮತ್ತೆ ಕೂತ. ಕಿವಿ ಕಾದ ಹಂಚಿನಂತಾಗಿತ್ತು. ಮಕ್ಕಳು ಏತ್ವ, ಐತ್ವ ಎಂದು ಮುಂದೆ ಹೋಗಿದ್ದರು. ಅವನಿನ್ನೂ ಎರಡನೆಯ ಸಾಲಿನಲ್ಲೇ ಇದ್ದ. 'ಇಳಿ' ಎಂದರೆ ಅಕ್ಷರವನ್ನು ದೀರ್ಘ ಮಾಡುವ ಗುರುತಿನ ಹೆಸರು. ದರಿಯ ಮೊದಲ ಅಕ್ಷರಕ್ಕೆ ಇಳಿ ಕೊಟ್ಟರೆ ದಾರಿ. ಸುಳುಹಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಮಕ್ಕಳನ್ನು ಆಟಕ್ಕೆ ಬಿಟ್ಟು ಟೀಚರ್ ಹತ್ತಿರ ಬಂದರು.

"ಇಳಿ ಅಂತ ಒಂದು ಹೆಸರೈತಿ ಅನ್ನೂದೇ ನನಗ ಗೊತ್ತಿರಲಿಲ್ರಿ," ಎಂದ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಗಿತ್ತು. "ನಾ ಕನ್ನಡ ಸಾಲಿಗೆ ಹೋದಾಂವ ಅಲ್ಲ."

ಟೀಚರ್ ನಗಲಿಲ್ಲ. "ನೀವು ಬರ್ದದ್ದು ಓದಿ ನಾನು ಎರಡು ದಿನ ಸರಿ ಊಟ ಮಾಡ್ಲಿಲ್ಲ," ಎಂದರು. "ಮೂವತ್ತು ವರ್ಷದಿಂದ ಇದನ್ನೇ ಕಲಿಸ್ತಾ ಇದ್ದೇನೆ. ನನ್ನದೇ ತಪ್ಪಾಯ್ತಾ ಅಂತ ಆ ಸುಳುಹನ್ನು ಎಷ್ಟು ಸಲ ನೋಡಿದ್ದೇನೋ, ಲೆಕ್ಕ ಇಲ್ಲ."

ಇದು ಬೈಗುಳಕ್ಕಿಂತ ಹೆಚ್ಚು ನಾಟಿತು. ಅವನು ಕೈ ಮುಗಿಯಲು ಹೋದಾಗ ಟೀಚರ್ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಒಂದು ಸಾಲು ಬರೆದರು. "ಅದೆಲ್ಲ ಬೇಡ. ಇದು ಹೇಳಿ ನೋಡುವ. 'ಕನ್ನಡದ ಕೊನೆಗೆ ಗುಡಿಸಿದರೆ ಮುಖ ಕಾಣುತ್ತದೆ.' ಮೂರು ಅಕ್ಷರ."

ಈಗಷ್ಟೇ ಕೇಳಿದ ಪಾಠ. ಕೊನೆಯ 'ಡ'ಕ್ಕೆ ಗುಡಿಸು ಕೊಟ್ಟರೆ 'ಡಿ'.

"ಕನ್ನಡಿ!" ಎಂದು ಕೂಗಿದ ಗದಿಗೆಪ್ಪ. ಹೊರಗೆ ಆಡುತ್ತಿದ್ದ ಮಕ್ಕಳು ಕಿಟಕಿಗೆ ಬಂದು ಇಣುಕಿದರು. ಹಲಗೆಯ ಹತ್ತಿರ ಹೋಗಿ ಆ ಸಾಲನ್ನು ಮತ್ತೆ ಮತ್ತೆ ಓದಿದ. ಕಸಬರಿಗೆ, ಧೂಳು, ಒರೆಸಿದ ಗಾಜು, ಏನೆಲ್ಲ ಕಣ್ಣ ಮುಂದೆ ತಂದು ನಿಲ್ಲಿಸಿದ್ದರು ಈಕೆ! ಅಷ್ಟಿದ್ದೂ ಒಂದು ಮಾತು ಸುಳ್ಳಲ್ಲ. ಟೀಚರ್ ಸಹಿಯಾಗಿಸಿಕೊಂಡಿದ್ದ 'ವಟ್ರಸುಳಿ'ಯೂ ಊರಲ್ಲ, 'ಕೃ'ವಿನ ಕೆಳಗೆ ಬರುವ ಗುರುತು ಎಂದು ಅವತ್ತೇ ತಿಳಿಯಿತು.

ಮುಂದಿನ ಸಂಚಿಕೆಯಲ್ಲಿ ಅವನ ಕ್ಷಮಾಪಣೆಯ ಪತ್ರ ಬಂತು. ಮರಾಠಿ ಶಾಲೆಯ ಸಂಗತಿಯನ್ನೂ ಮುಚ್ಚಿಡದೆ ಬರೆದಿದ್ದ. ನಾಗವ್ವ ಇನ್ನು ಮನೆಯಲ್ಲಿ ಶಾಂತಿ ಎಂದುಕೊಂಡಳು. ಆಗಲಿಲ್ಲ. ಗದಿಗೆಪ್ಪನಿಗೆ ಈಗ ತಾನೇ ಒಂದು ಸುಳುಹು ಕಟ್ಟಬೇಕಿತ್ತು, ಅದೂ ಆ ಟೀಚರ್ ತಡವರಿಸುವಂಥದ್ದು. ಕಾಗುಣಿತದಲ್ಲಿ ಅವರನ್ನು ಗೆಲ್ಲುವುದು ಆಗದ ಮಾತು. ಮೂರು ತಿಂಗಳು ಕಟ್ಟಿದ, ಹರಿದುಹಾಕಿದ. ದೀಪಾವಳಿ ಬಂದು ಹೋಯಿತು.

ಒಂದು ಬೆಳಿಗ್ಗೆ ಚಾಳಿನ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಕೊಡ ಹಿಡಿದು "ಪಾಣಿ ಆಲಂ!" ಎಂದು ಕೂಗಿದಳು. ದಿನಾ ಕೇಳುವ ಕೂಗು. ಹಲ್ಲುಜ್ಜುತ್ತಿದ್ದ ಗದಿಗೆಪ್ಪ ಬ್ರಷ್ ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿದ. ಅವಳು ಕೂಗಿದ್ದು ನೀರು ಬಂತೆಂದು; ಮರಾಠಿಯಲ್ಲಿ ಪಾಣಿ ಎಂದರೆ ನೀರು. ಕನ್ನಡದ ನಿಘಂಟಿನಲ್ಲಿ ಪಾಣಿ ಎಂದರೆ ಕೈ. ಬರೆದ: 'ನೆರೆಮನೆಯವರು ಕೊಡ ಹಿಡಿದು ಕೂಗಿದ್ದು ನಮ್ಮ ಕೈಯನ್ನೇ.' ಎರಡು ಅಕ್ಷರ. ಅದೇ ದಿನ ಟೀಚರಿಗೆ ಕಾರ್ಡು ಹಾಕಿದ.

ಮಾರನೆಯ ದಿನದಿಂದ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಮೆಟ್ಟಿಲ ಹತ್ತಿರ ನಿಲ್ಲತೊಡಗಿದ. ನಾಲ್ಕು ದಿನ ಆಯಿತು, ಏಳಾಯಿತು. ಸುಳುಹು ಅಷ್ಟು ಕೆಟ್ಟದಿತ್ತೇ? ಟೀಚರಿಗೆ ಹುಷಾರಿಲ್ಲವೇ? ಕಾರ್ಡು ತಲುಪಿಲ್ಲವೇ? ಹತ್ತನೆಯ ದಿನ ತಾಳಲಾರದೆ ವಾಚನಾಲಯಕ್ಕೆ ಹೋದ.

"ಟೀಚರ್ ನಿನ್ನೆ ಬಂದಿದ್ರು," ಎಂದ ಕೊರಗಪ್ಪ. "ನಿಘಂಟು ಹಿಡ್ಕೊಂಡು ಬಾಗಿಲು ಹಾಕುವವರೆಗೂ ಕೂತಿದ್ರು. ನಿಮಗೆ ಇದು ಕೊಟ್ಟು ಹೋಗಿದ್ದಾರೆ."

ಮಡಚಿದ ಚೀಟಿ. ಗದಿಗೆಪ್ಪ ಅಲ್ಲೇ ನಿಂತು ಬಿಡಿಸಿದ. ಒಂದನೆಯ ಇಯತ್ತೆಯ ಮಕ್ಕಳಿಗೆ ಬರೆದಂಥ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಇತ್ತು:

'ದಯವಿಟ್ಟು ಉತ್ತರ ಹೇಳಬೇಡಿ.'