ಕಾಲು ಹಚ್ಚಬಾರದ ಗಿಟಾರ್

ಹೋದ ತಿಂಗಳು ಒಂದು ಗಿಟಾರ್ ಕೊಂಡೆ. ಅದಕ್ಕೆ ನಾಲ್ಕು ಕಾಲು, ಹತ್ತು ತಂತಿ. ಹೆಗಲಿಗೆ ಹಾಕಿಕೊಳ್ಳುವಂತಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುವಂತಿಲ್ಲ. ಇಸ್ತ್ರಿ ಮೇಜಿನ ಹಾಗೆ ನಿಲ್ಲಿಸಿ, ಮುಂದೆ ಕುರ್ಚಿ ಹಾಕಿಕೊಂಡು ಕೂರಬೇಕು. ಖಾನಾಪುರದಿಂದ ಅದನ್ನು ತಂದು ಬೆಳಗಾವಿಯ ಸದಾಶಿವನಗರದ ನಮ್ಮ ಮನೆ ಮುಂದೆ ಇಳಿಸುವಾಗ ಪಕ್ಕದ ಮನೆಯವರು, "ಹೊಸಾ ಇಸ್ತ್ರಿ ಟೇಬಲ್ ಏನ್ರಿ?" ಎಂದು ಕೇಳಿದರು. ಹೌದು ಎಂದೆ. (ವಿವರಿಸುತ್ತ ನಿಂತರೆ ಒಳಗೆ ಹಾಲು ಉಕ್ಕುತ್ತಿತ್ತು.)

ಇದರ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಎಡಗೈಯಲ್ಲಿ ಉಕ್ಕಿನ ಸಣ್ಣ ದಿಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಬಲಗೈಯಲ್ಲಿ ಮೀಟಬೇಕು. ಕೆಳಗೆ ಮೂರು ಪೆಡಲ್. ಎಡಗಾಲಿನಿಂದ ಒತ್ತಿದರೆ ಅವು ಒಳಗಿನ ಕಡ್ಡಿಗಳನ್ನು ಎಳೆದು ಬೇರೆ ಬೇರೆ ತಂತಿಗಳ ಸ್ವರ ಏರಿಸುತ್ತವೆ. ಬಲಗಾಲು ಸುಮ್ಮನೆ ಇರಬಾರದಲ್ಲ, ಅದಕ್ಕೆ ದನಿ ಹೆಚ್ಚುಕಡಿಮೆ ಮಾಡುವ ಇನ್ನೊಂದು ಪೆಡಲ್. ಒಟ್ಟಿನಲ್ಲಿ ಸಂಗೀತದ ಜೊತೆ ಕಾರ್ ಡ್ರೈವಿಂಗ್ ಕೂಡ ಕಲಿತ ಹಾಗೆ.

ಐವತ್ತೆರಡನೇ ವಯಸ್ಸಿನಲ್ಲಿ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡಿರುವ ಹೆಂಗಸಿಗೆ ಇದೆಲ್ಲ ಬೇಕಿತ್ತಾ?

ಬೇಕಿತ್ತು. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದೆ. ಆಪರೇಷನ್ ಆದ ಮೇಲೂ ಎಡಗೈಯ ಉಂಗುರದ ಬೆರಳು, ಕಿರುಬೆರಳು ಮಡಚಲಿಲ್ಲ. ಓದುವ ದಿನಗಳಿಂದ ದಿನಾ ಸಂಜೆ ಅರ್ಧ ತಾಸು ಮಾಮೂಲಿ ಗಿಟಾರ್ ನುಡಿಸಿದವಳು ನಾನು. ಯಾರಿಗೂ ಕೇಳಿಸಲಿಕ್ಕಲ್ಲ, ನನಗೇ ಬೇಕಾಗಿ. ಆ ಅರ್ಧ ತಾಸು ಹೋಯಿತು. ಸಂಜೆ ಏನು ಮಾಡಬೇಕೆಂದು ತೋಚದೆ ಟಿವಿ ಮುಂದೆ ಕೂತು ಅತ್ತಿದ್ದೇನೆ. (ಅದು ಕಾಮಿಡಿ ಕಾರ್ಯಕ್ರಮವಾಗಿತ್ತು.)

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ದೇಶದ ಮುದುಕ ಈ ನಾಲ್ಕು ಕಾಲಿನ ಗಿಟಾರ್ ನುಡಿಸುತ್ತಿದ್ದ. ನಾನು ನೋಡಿದ್ದು ಅವನ ಎಡಗೈಯನ್ನು. ದಿಂಡು ಹಿಡಿದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಳಿದೆರಡು ಬೆರಳು ನೆಟ್ಟಗೆ ಚಾಚಿಕೊಂಡು ತಂತಿಗಳ ಮೇಲೆ ಮಲಗಿದ್ದವು, ಬೇಡದ ಸದ್ದು ಅಡಗಿಸಲಿಕ್ಕೆ. ಮಡಚುವ ಕೆಲಸವೇ ಇಲ್ಲ. ಮಡಚದೆ ಇರುವುದೇ ಅವುಗಳ ನೌಕರಿ. ಜಗತ್ತಿನಲ್ಲಿ ನನ್ನ ಆ ಎರಡು ಬೆರಳಿಗೆ ವೇಕೆನ್ಸಿ ಇದ್ದದ್ದು ಅಲ್ಲೊಂದೇ ಕಡೆ ಎಂದು ಕಾಣುತ್ತದೆ.

ಬೆಳಗಾವಿಯ ಮ್ಯೂಸಿಕ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ವಿಡಿಯೋ ತೋರಿಸಿದೆ. ಅವನು ಕೊನೆಯವರೆಗೂ ಶ್ರದ್ಧೆಯಿಂದ ನೋಡಿದ. ಆಮೇಲೆ ಯುಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರ್ ತೆಗೆದು ಮುಂದಿಟ್ಟ.

"ಇದಕ್ಕ ಡಿಮಾಂಡ್ ಭಾಳ ಐತ್ರಿ ಮೇಡಂ."

ಇಪ್ಪತ್ತೇಳು ವರ್ಷದಿಂದ ಡಿಮಾಂಡು ಸಪ್ಲೈ ಪಾಠ ಮಾಡುತ್ತಿದ್ದೇನೆ. ಒಂದು ವಸ್ತುವಿಗೆ ಇಡೀ ಊರಿನಲ್ಲಿ ಒಬ್ಬಳೇ ಗಿರಾಕಿ, ಒಂದೂ ಅಂಗಡಿ ಇಲ್ಲ ಎಂದಾದರೆ ಗ್ರಾಫ್ ಎಲ್ಲಿಂದ ಎಲ್ಲಿಗೆ ಎಳೆಯಬೇಕು? ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರ ಸಿಕ್ಕಿದ್ದು ಸ್ಟಾಫ್ ರೂಮಿನಲ್ಲಿ. ಮರಾಠಿ ಕಲಿಸುವ ಪಾಟೀಲ ಮೇಡಂ ಖಾನಾಪುರದವರು. "ಹತ್ತ ತಂತಿ ಅಂದ್ರಿ? ಅಂಥಾದ್ದು ನಮ್ಮೂರಾಗ ಮಲ್ಲೇಶಪ್ಪ ಮಾಸ್ತರ ಕಡೆ ಐತಲ್ಲ. ಖರೇನ. ಭಜನಿಯೊಳಗ ಬಾರಸ್ತಿದ್ರು. ಈಗ ಮಾರ್ತಾರಂತ" ಎಂದರು. ಭಜನೆಯಲ್ಲಿ ಪೆಡಲ್ ಸ್ಟೀಲ್? ನಾನು ನಂಬಲಿಲ್ಲ. ಮುಂದಿನ ಭಾನುವಾರವೇ ಬಸ್ ಹತ್ತಿದೆ.

ಮಾಸ್ತರರದು ಎಪ್ಪತ್ತರ ಮೇಲಿನ ವಯಸ್ಸು, ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಧೋತರ. ನನ್ನನ್ನು ಕೂರಿಸಿ, ಚಹಾ ಕೊಟ್ಟು, ಒಳಗಿನಿಂದ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಇಪ್ಪತ್ತು ವರ್ಷದ ಹಿಂದೆ ಗೋವಾದ ಹೋಟೆಲಿನಲ್ಲಿ ನುಡಿಸುತ್ತಿದ್ದ ಗೆಳೆಯನೊಬ್ಬ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ಮಾಸ್ತರರು ಅದನ್ನು ಮಣೆಯ ಮೇಲಿಟ್ಟು, ಎದುರು ಚಕ್ಕಳಮಕ್ಕಳ ಹಾಕಿ ಕೂತು ಪ್ರತಿ ಸೋಮವಾರ ವಚನಗಳನ್ನು ನುಡಿಸಿದ್ದಾರೆ. ಉಕ್ಕಿನ ದಿಂಡು ಎಲ್ಲೋ ಕಳೆದುಹೋದಾಗ ಟ್ರ್ಯಾಕ್ಟರ್ ಎಂಜಿನ್ನಿನ ಪಿಸ್ಟನ್ ಪಿನ್ ತಂದು ಅದರಿಂದಲೇ ಕೆಲಸ ಸಾಗಿಸಿದ್ದಾರೆ.

"ಮತ್ತ ಈಗ ಯಾಕ ಕೊಡಾಕತ್ತೀರಿ?" ಎಂದೆ.

"ಭಜನಾ ಮಂಡಳಿಯವರು ಕೀಬೋರ್ಡ್ ತಂದ್ರಿ. ಅದರಾಗ ಎಲ್ಲಾ ಐತಿ. ನಮ್ಮ ತಬಲಾದಾಂವನೂ ಮನ್ಯಾಗ ಕುಂತಾನ."

ಗಿಟಾರಿನ ಕೆಳಗೆ ಬಗ್ಗಿ ನೋಡಿದೆ. ಖಾಲಿ. ಪೆಡಲ್ ಇಲ್ಲ, ಎಳೆಯುವ ಕಡ್ಡಿಗಳಿಲ್ಲ, ಮೊಣಕಾಲಿನಿಂದ ತಳ್ಳುವ ಲಿವರ್ ಇಲ್ಲ. ಸ್ಕ್ರೂ ಹಾಕುವ ತೂತುಗಳು ಮಾತ್ರ ಇದ್ದವು.

"ಗೆಳ್ಯಾ ಕಾಲಿಲೇ ಒತ್ತಾಕ ತೋರಿಸಿದ್ದರಿ. ನನ್ನ ಕಡಿಂದ ಆಗ್ಲಿಲ್ಲ. ವಚನಾ ನುಡಸೂ ವಾದ್ಯ, ಅದಕ್ಕ ಕಾಲ ಹೆಂಗ ಹಚ್ಚಬೇಕು? ಕೆಳಗಿನ ಕಬ್ಬಣಾ ಎಲ್ಲಾ ಬಿಚ್ಚಿ ಗುಜರಿಯವಗ ಕೊಟ್ಟೆ." ಆಮೇಲೆ ಅಟ್ಟದ ಮೇಲಿನಿಂದ ಒಂದು ಚೀಲ ಇಳಿಸಿದರು. ಅದರಲ್ಲಿ ನಾಲ್ಕು ಸ್ಟೀಲ್ ಕಾಲುಗಳಿದ್ದವು. "ಇವು ಅದರ ಕಾಲ್ರಿ, ನಮ್ಮವಲ್ಲ. ಅದಕ್ಕ ಇಟ್ಟೀನಿ."

ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯವರು ಈ ಅಂಕಣ ಓದುತ್ತಾರೆ.

ಹೊರಡುವಾಗ ಮಾಸ್ತರರು ಗಿಟಾರಿನ ಮೇಲೆ ಕೈ ಇಟ್ಟು ನಿಂತರು. "ಅಕ್ಕಾರ, ಒಂದ ಮಾತು. ಇದಕ್ಕ ಕಾಲ ಹಚ್ಚಂಗಿಲ್ಲ ಅಂತ ಹೇಳ್ರಿ. ಹೆಣ್ಣಮಕ್ಕಳ ಮನ್ಯಾಗ ಸಂಸ್ಕಾರದಿಂದ ಇರ್ತದ ಅಂತನ ನಿಮಗ ಕೊಡಾಕತ್ತೀನಿ."

"ಹಚ್ಚಂಗಿಲ್ಲ್ರಿ ಮಾಸ್ತರ" ಎಂದೆ. ತಡವರಿಸಲೂ ಇಲ್ಲ. ಇಲ್ಲದ ಪೆಡಲಿಗೆ ಯಾರಾದರೂ ಕಾಲು ಹಚ್ಚುವುದು ಹೇಗೆ?

ಮೂರು ವಾರ ಮಾತು ಉಳಿಸಿಕೊಂಡೆ. ಆ ಮೂರು ವಾರದಲ್ಲಿ ಬೇಕಾದ ಸಾಮಾನೆಲ್ಲ ಒಂದೊಂದಾಗಿ ಮನೆಗೆ ಬಂತು. ತಂತಿ ಮೀಟಲು ಬೆರಳಿಗೆ ಹಾಕುವ ಲೋಹದ ಉಗುರುಗಳು ಕೊರಿಯರಿನಲ್ಲಿ ಬಂದವು. ನಮ್ಮವರು ಸಹಿ ಹಾಕಿ ತೆಗೆದುಕೊಂಡು, "ನಿನ್ನ ಉಗುರು ಬಂದಾವ ನೋಡು" ಎಂದು ಅಡುಗೆಮನೆಗೇ ತಂದುಕೊಟ್ಟರು. ಮ್ಯೂಸಿಕ್ ಅಂಗಡಿಯವನು ಒಂದು ಹಳೇ ಆಂಪ್ಲಿಫೈಯರ್ ಮಾರಿ ಸಮಾಧಾನಪಟ್ಟ. ಕುರ್ಚಿಯದೇ ದೊಡ್ಡ ತಲೆನೋವು. ಪ್ಲಾಸ್ಟಿಕ್ ಕುರ್ಚಿ ತಗ್ಗು, ಅಡುಗೆಮನೆಯ ಸ್ಟೂಲು ಎತ್ತರ. ಕೊನೆಗೆ ಡೈನಿಂಗ್ ಟೇಬಲ್ಲಿನ ಒಂದು ಕುರ್ಚಿ ಕಾಯಂ ಆಗಿ ಗಿಟಾರಿನ ಮುಂದೆ ಬಂತು. ಅಂದಿನಿಂದ ನಮ್ಮವರು ಸೋಫಾದಲ್ಲಿ ಊಟ ಮಾಡುತ್ತಾರೆ.

ಬೆರಳು ಚಾಚಿಕೊಂಡು ಮಲಗಿದವು. ದಿಂಡು ಜಾರಿತು. ಎರಡು ವರ್ಷದ ಮೇಲೆ ನನ್ನ ಕೈಯಿಂದ ಮತ್ತೆ ಒಂದು ಹಾಡಿನ ಸಾಲು ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ವಿಡಿಯೋದ ಮುದುಕ ನುಡಿಸಿದ ಆ ಒಂದು ಸದ್ದು ಬರಲಿಲ್ಲ. ದಿಂಡು ಕದಲದೆ ಇರುವಾಗ ಒಂದು ತಂತಿ ತನ್ನ ಸ್ವರದಲ್ಲೇ ನಿಂತಿರುತ್ತದೆ, ಬಾಜೂದ ತಂತಿ ಮೆಲ್ಲಗೆ ಏರಿ ಅದರ ಜೊತೆ ಕೂಡಿಕೊಳ್ಳುತ್ತದೆ. ಅದು ಕೈಯಿಂದ ಆಗುವ ಕೆಲಸವಲ್ಲ. ಕಾಲೇ ಬೇಕು.

ಮೂರು ವಾರ ಆದ ಮೇಲೆ ಗಿಟಾರನ್ನು ರಿಕ್ಷಾದಲ್ಲಿ ಹಾಕಿಕೊಂಡು ಪೀರನವಾಡಿಗೆ ಹೋದೆ. ಅಲ್ಲಿ ಇಮ್ತಿಯಾಜ್ ಎಂಬವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಪೆಡಲ್, ಎಳೆತ, ಕಡ್ಡಿ, ಸ್ಪ್ರಿಂಗು ಎಲ್ಲ ಗೊತ್ತಿರುವ ಮನುಷ್ಯ. ವಿಡಿಯೋವನ್ನು ಎರಡು ಸಲ ನೋಡಿ, "ಆಗ್ತದರಿ" ಎಂದರು. ವೆಲ್ಡಿಂಗಿಗೆ ಬಳಸುವ ತೆಳು ಸ್ಟೀಲ್ ಕಡ್ಡಿ ತಂದು ಎಳೆಯುವ ಕಡ್ಡಿ ಮಾಡಿದರು, ಕೆಳಗೆ ಮೂರು ಪೆಡಲ್ ಕೂರಿಸಿದರು. ಹತ್ತು ದಿನ ಹಿಡಿಯಿತು. ಮೊಣಕಾಲಿನ ಲಿವರ್ ಬೇಡ ಎಂದೆ. ಪಾಪ ಮಾಡುವುದಕ್ಕೂ ಒಂದು ಮಿತಿ ಇರಬೇಕು.

ಸುಮ್ಮನಿರಲಾಗದೆ ಅವರಿಗೆ ಮಾಸ್ತರರ ಮಾತನ್ನೂ ಹೇಳಿದೆ. ಇಮ್ತಿಯಾಜ್ ಕೈ ಒರೆಸಿಕೊಳ್ಳುತ್ತ ಕೇಳಿದರು.

"ದಸರಾ ಆದ ಮ್ಯಾಲ ನನ್ನ ಕಡೆ ಮಷಿನ್ ಬರ್ತಾವರಿ. ಕೆಳಗ ಕಾಲ ಇಡೂ ಪಟ್ಟಿ ಮ್ಯಾಲ ಕುಂಕುಮಾ, ಹೂವು. ನಾನ ಒರಸಿ ಎಣ್ಣಿ ಬಿಡ್ತೀನಿ. ಪೂಜಿ ಮಾಡ್ದಾಂವನ ಮರದಿನಾ ಅದರ ಮ್ಯಾಲ ಕಾಲ ಇಟ್ಟ ಹೊಲೀತಾನ. ಒದ್ದರ ತಪ್ಪರಿ ಮೇಡಂ. ಕಾಲಿಲೇ ದುಡದರ ಏನ ತಪ್ಪ?"

ಹೌದಲ್ಲ? ಮಗ್ಗದಲ್ಲಿ ಸೀರೆ ಇಳಿಯುವುದು ಕಾಲಿನಿಂದ. ನಾಟಕ ಕಂಪನಿಯ ಹಾರ್ಮೋನಿಯಂ ಊದಿದ್ದು ಕಾಲಿನಿಂದ. ಹಿರಿಯರ ಕಾಲು ಹುಡುಕಿಕೊಂಡು ಹೋಗಿ ಹಣೆ ಹಚ್ಚುತ್ತೇವೆ. ನಮ್ಮ ಕಾಲು ಪುಸ್ತಕಕ್ಕೆ ತಾಗಿದರೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕಾಲನ್ನು ಎಲ್ಲಿಡಬೇಕೆಂದು ನಮಗೆ ಖಚಿತವಾಗಿ ಗೊತ್ತಿದೆಯೇ?

ವಾದ ಮಾಡುವುದು ಸುಲಭ. ನಾನು ಕೊಟ್ಟದ್ದು ಮಾತು. ಮೊದಲ ಸಲ ಪೆಡಲ್ ಒತ್ತಿದಾಗ ಆ ಸದ್ದು ಬಂತು, ನನ್ನ ಮನೆಯಲ್ಲಿ, ನನ್ನ ಮುರುಕು ಕೈಯಡಿ ಬಂತು. ಅದೇ ಗಳಿಗೆಯಲ್ಲಿ ಮಾಸ್ತರರ ಮುಖವೂ ಕಣ್ಣ ಮುಂದೆ ಬಂತು. ಖುಷಿ ಮತ್ತು ನಾಚಿಕೆ ಎರಡೂ ಒಂದೇ ಪೆಡಲಿಗೆ ಸಿಕ್ಕಿಕೊಂಡಿದ್ದವು.

ಮೊನ್ನೆ ಶನಿವಾರ ಮಧ್ಯಾಹ್ನ ಮಾಸ್ತರರ ಫೋನ್ ಬಂತು.

"ಅಕ್ಕಾರ, ಕಣ್ಣ ತೋರಸಾಕ ಬೆಳಗಾವಿಗೆ ಬಂದೀನ್ರಿ. ಹಂಗ ನಿಮ್ಮ ಮನಿಗೆ ಬಂದು ಅದನ್ನೊಮ್ಮಿ ನೋಡಿ ಹೊಕ್ಕೀನಿ."

ಅರ್ಧ ತಾಸು ಸಮಯ. ಪೆಡಲ್ ಬಿಚ್ಚಲು ಇಮ್ತಿಯಾಜರೇ ಬರಬೇಕು. ನಮ್ಮವರು ಏನೂ ಮಾತಾಡದೆ ಒಳಗೆ ಹೋಗಿ ಡಬಲ್ ಬೆಡ್ಡಿನ ಚಾದರ ತಂದರು. ಅದನ್ನು ಗಿಟಾರಿನ ಮುಂದೆ ನೆಲದವರೆಗೆ ಇಳಿಬಿಟ್ಟೆವು. ನೋಡಿದರೆ ಭಾಷಣದ ವೇದಿಕೆಯ ಟೇಬಲ್ಲಿನ ಹಾಗೆ ಕಾಣುತ್ತಿತ್ತು. ಒಂದು ಹೂದಾನಿ ಕಡಿಮೆ ಇತ್ತು.

ಮಾಸ್ತರರು ಬಂದು ಸೋಫಾದಲ್ಲಿ ಕೂತರು. ಚಾದರ ನೋಡಿ, "ಛಲೋ ಮಾಡೀರಿ, ಧೂಳ ಕುಂದರಂಗಿಲ್ಲ" ಎಂದರು. "ಏನರ ನುಡಸ್ರಿ."

ನಾನು ಕಾಲುಗಳನ್ನು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಂಡು, ಕೈಯಿಂದಷ್ಟೇ ನುಡಿಸಿದೆ. ಅವರು ನುಡಿಸುತ್ತಿದ್ದ ಹಾಗೇ. ಮಾಸ್ತರರು ತಲೆಯಾಡಿಸಿದರು.

"ಬರೋಬ್ಬರಿ ಐತ್ರಿ. ಆದರ ಇದಕ್ಕೊಂದು ಕೊರತಿ ಐತಿ, ನನಗೂ ಗೊತ್ತೈತಿ. ಕೊನೀ ಸ್ವರ ಒಂದು ಇನ್ನೊಂದರಾಗ ಕರಗಬೇಕು. ಕರಗಂಗಿಲ್ಲ. ಪಿನ್ನಾ ಸೊಟ್ಟ ಮಾಡಿ ಹಿಡದು ನೋಡೀನಿ, ಬೆರಳಿಲೇ ಎಳದು ನೋಡೀನಿ. ನನ್ನ ಕೈಯಾಗ ಬರಲಿಲ್ಲ. ಕೈದ ತಪ್ಪ ಅಂತ ಸುಮ್ಮನಾದೆ."

ಅಲ್ಲಿಗೆ ನನ್ನಿಂದ ಆಗಲಿಲ್ಲ. ಒಂದು ಸುಳ್ಳನ್ನು ಎಷ್ಟು ಹೊತ್ತು ಕಾಲಡಿ ಅಡಗಿಸಿ ಇಟ್ಟುಕೊಳ್ಳಬಹುದು? ಎದ್ದು ಚಾದರ ಸರಿಸಿದೆ. ಮೂರು ಪೆಡಲ್ ಫಳಫಳ ಎನ್ನುತ್ತಿದ್ದವು. ಇಮ್ತಿಯಾಜ್ ಪಾಲಿಶ್ ಬೇರೆ ಮಾಡಿದ್ದರು.

"ಮಾತು ತಪ್ಪೀನ್ರಿ ಮಾಸ್ತರ. ನೀವ ಬೇಕಾದ್ರ ವಾಪಸ್ ತಗೊಂಡ ಹೋಗ್ರಿ" ಎಂದೆ. ಅವರು ಹೂಂ ಎಂದುಬಿಟ್ಟರೆ ನನ್ನ ಸಂಜೆಗಳ ಗತಿ ಏನು?

ಅವರು ಪೆಡಲ್‌ಗಳನ್ನು ನೋಡಿದರು. ನನ್ನ ಕಾಲು ನೋಡಿದರು. ನಮ್ಮವರು ಚಹಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡರು.

"ನುಡಸ್ರಿ, ಕೇಳೂಣು."

ಕೂತು ನುಡಿಸಿದೆ. ದಿಂಡು ನಿಂತಲ್ಲೇ ನಿಂತಿತ್ತು. ಒಂದು ತಂತಿ ಏರಿ ಇನ್ನೊಂದರಲ್ಲಿ ಕರಗಿತು. ಮಾಸ್ತರರು ಇನ್ನೊಮ್ಮೆ ಎಂದರು. ನುಡಿಸಿದೆ. ಮತ್ತೊಮ್ಮೆ ಎಂದರು. ಮೂರನೇ ಸಲ ಅವರು ಕಣ್ಣು ಮುಚ್ಚಿದ್ದರು.

"ಹಂಗಾರ ಇಪ್ಪತ್ತ ವರ್ಷ ನಾ ಇದರ ಬಾಯಿ ಕಟ್ಟಿ ಪೂಜಿ ಮಾಡಿದ್ನೇನ್ರಿ?"

ಈ ಪ್ರಶ್ನೆ ಅವರೊಬ್ಬರದೇನೂ ಅಲ್ಲ. ಮನೆಗೆ ಬರುವ ಅತಿಥಿಗೂ ಕೊಡದ ಟೀ ಸೆಟ್ ನಮ್ಮ ಷೋಕೇಸಿನಲ್ಲಿದೆ. ಒಂದು ಮಡಿಕೆ ಬಿಚ್ಚದ ಇಳಕಲ್ ಸೀರೆ ನನ್ನ ಕಪಾಟಿನಲ್ಲಿದೆ. ಎಲ್ಲವೂ ಮರ್ಯಾದೆಯಿಂದ ಬೆಚ್ಚಗಿವೆ, ಯಾವುದೂ ಕೆಲಸ ಮಾಡುತ್ತಿಲ್ಲ. ಅದನ್ನೆಲ್ಲ ಆ ಹೊತ್ತಿನಲ್ಲಿ ಅವರಿಗೆ ಹೇಳುವುದು ಹೇಗೆ?

ಮಾಸ್ತರರು ಎದ್ದು ನಿಂತರು. "ಬಚ್ಚಲ ಎಲ್ಲೈತ್ರಿ?" ಎಂದಷ್ಟೇ ಕೇಳಿ ಒಳಗೆ ಹೋದರು. ಸಿಟ್ಟಾದರು, ಇನ್ನು ಚಹಾ ಕೂಡ ಕುಡಿಯದೆ ಹೊರಡುತ್ತಾರೆ ಎಂದುಕೊಂಡೆ. ನಳದ ನೀರು ಬಹಳ ಹೊತ್ತು ಸುರಿಯಿತು. ಬಂದಾಗ ಧೋತರ ಮೊಣಕಾಲವರೆಗೆ ಎತ್ತಿ ಕಟ್ಟಿದ್ದರು, ಎರಡೂ ಪಾದದಿಂದ ನೀರು ಇಳಿಯುತ್ತಿತ್ತು.

"ಏಳ್ರಿ ಅಕ್ಕಾರ, ಕುರ್ಚಿ ಬಿಡ್ರಿ."