ಮದುಮಗಳ ಹಾಸಿಗೆಗೆ ಒಂದು ತೆಕ್ಕೆ ಹತ್ತಿ

ಈಜಿಪ್ಟಿನ ಮಲ್ಲವಿ ಊರಿನ ಹಳೆಯ ಚರ್ಚಿನ ಹಿಂದಿನ ಓಣಿಗೆ ಬಿಸಿಲು ಇನ್ನೂ ಇಳಿದಿಲ್ಲ. ವಹ್ಬಾ ಸಿದ್ಹೋಮ್ ಚಾಪೆಯ ಮೇಲೆ ಮಂಡಿಯೂರಿ, ಹಿಂಜುವ ಬಿಲ್ಲಿನ ನರಕ್ಕೆ ಮರದ ಕೊಡತಿಯಿಂದ ಹೊಡೆಯುತ್ತಾರೆ. ನರ ಗುಂಯ್‌ಗುಡುತ್ತದೆ. ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಎದ್ದು ಅವರ ಮೀಸೆಯ ಮೇಲೆ ಕೂರುತ್ತದೆ. ವಯಸ್ಸು ಅರವತ್ತಮೂರು, ಕಸುಬಿಗೆ ನಲವತ್ತೆಂಟು ವರ್ಷ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿದೆ. ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ.

ಮದುಮಗಳ ಹಾಸಿಗೆ ಅವಳ ಮನೆಯ ಮುಂದೆ, ಓಣಿಯವರ ಕಣ್ಣೆದುರೇ ಸಿದ್ಧವಾಗಬೇಕೆಂಬುದು ಇಲ್ಲಿನ ರೂಢಿ. ಇಲ್ಲದವರಿಗೆ ಆ ರೂಢಿಯೇ ಭಾರ. ಚರ್ಚು ಅವರನ್ನು ಬಡವರೆನ್ನುವುದಿಲ್ಲ, ‘ಪ್ರಭುವಿನ ಒಡಹುಟ್ಟಿದವರು’ ಎನ್ನುತ್ತದೆ. ವಹ್ಬಾ ಆ ಮಾತನ್ನು ಹತ್ತಿಯಲ್ಲಿ ನಡೆಸುತ್ತಾರೆ. ಉಳ್ಳವರ ಹಾಸಿಗೆ ಬಿಚ್ಚಿ ಹಿಂಜುವಾಗ, ಮನೆಯವರನ್ನು ಕೇಳಿ, ಇಲ್ಲದ ಮನೆಯ ಮದುಮಗಳಿಗೆಂದು ಚರ್ಚಿನ ಹೆಸರಲ್ಲಿ ಒಂದು ತೆಕ್ಕೆ ಎತ್ತಿಡುತ್ತಾರೆ. ತೆಕ್ಕೆಗೆ ಕಾಲು ಕಿಲೋ. ಹಾಸಿಗೆಗೆ ಹದಿನೈದು ಕಿಲೋ. ಅರವತ್ತು ತೆಕ್ಕೆಗೆ ಒಂದು ಮದುವೆ. ವರ್ಷಕ್ಕೆ ಹತ್ತು, ಶುರುಮಾಡಿದ ಮೂವತ್ತೊಂದು ವರ್ಷಕ್ಕೆ ಮುನ್ನೂರ ಹತ್ತು. ಈ ಗುಣಾಕಾರವನ್ನು ಅವರು ಮಾಡಿಲ್ಲ. ಈ ಹಾಸಿಗೆಗಳ ಹೊಲಿಗೆಗೆ ಕೂಲಿಯನ್ನೂ ಪಡೆದಿಲ್ಲ.

ಇಂದಿನ ಹಾಸಿಗೆ ವೆರೀನಾಳದು. ತಾಯಿ ಶಫೀಕಾ ವಿಧವೆ, ಮೂಲಂಗಿ ಸೊಪ್ಪು ಮಾರುತ್ತಾಳೆ, ಒಳ್ಳೆಯ ದಪ್ಪ ಹೆಂಗಸು. ಮಧ್ಯಾಹ್ನಕ್ಕೆ ಗಂಡಿನ ಕಡೆಯ ಗಾಡಿ ಬರಬೇಕು. ನೆರೆಹೊರೆಯ ಹೆಂಗಸರು ಸುತ್ತ ಕುಳಿತು ಹಾಡುತ್ತಿದ್ದಾರೆ. ಅಷ್ಟರಲ್ಲಿ ಪಕ್ಕದ ಮನೆಯ ತಹಾನಿ ಹತ್ತಿಯಿಂದ ಒಂದು ನೀಲಿ ದಾರ ಹೆಕ್ಕುತ್ತಾಳೆ.

“ನೋಡ್ರೇ, ಇದು ನನ್ನ ಹಾಸಿಗೇದು. ಹೋದ ವರ್ಷ ವಹ್ಬಾಣ್ಣ ಒಂದು ತೆಕ್ಕೆ ತಗೊಂಡಿದ್ದ.”

ಹಾಡು ನಿಲ್ಲುತ್ತದೆ. ಶಫೀಕಾ ಬಂದು ಹತ್ತಿಯ ರಾಶಿಯ ಮೇಲೆಯೇ ಕುಳಿತುಬಿಡುತ್ತಾಳೆ.

“ಚರ್ಚಿಂದ ಬಂತು ಅಂತ ಗೊತ್ತಿತ್ತು, ಅದಕ್ಕೆ ಬೇಜಾರಿಲ್ಲ. ಅಣ್ಣಾ, ನೀನು ನನ್ನ ಹಾಸಿಗೆನೂ ಬಿಚ್ಚಿದ್ದೆ. ಆಗ ತೆಕ್ಕೆ ಯಾಕೆ ಕೇಳಲಿಲ್ಲ?”

“ತೆಳ್ಳಗಿತ್ತಲ್ಲ, ತಂಗಿ.”

“ತೆಳ್ಳಗಿದ್ದದ್ದು ಹಾಸಿಗೆ. ನಾನಲ್ಲ.”

ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ಅವಳು ನಗುವುದಿಲ್ಲ.

“ಪ್ರಭುವಿನ ಒಡಹುಟ್ಟಿದವಳು ಅಂತೀರಿ. ಮನೇಲಿ ಮದುವೆ ಆದ್ರೆ ಒಡಹುಟ್ಟಿದವಳ ಕೈಯಿಂದ ಏನೂ ತಗೊಳ್ಳಲ್ಲ. ಇದ್ಯಾವ ಸೀಮೆ ನೆಂಟಸ್ತಿಕೆ? ನನ್ನ ಪಾಲು ಸೇರದೆ ಈ ಹಾಸಿಗೆ ಗಾಡಿ ಹತ್ತಲ್ಲ. ಮಗಳು ಚಾಪೆ ಮೇಲೆ ಮಲಗ್ಲಿ.”

“ಅಮ್ಮಾ, ಚಾಪೆ ಮೇಲೆ ಮಲಗೋಳು ನಾನು” ಎನ್ನುತ್ತಾಳೆ ಬಾಗಿಲಲ್ಲಿ ನಿಂತ ವೆರೀನಾ. “ನನ್ನನ್ನೂ ಒಂದು ಮಾತು ಕೇಳು.”

ವಹ್ಬಾ ಕೊಡತಿ ಕೆಳಗಿಡುತ್ತಾರೆ. ಮೀಸೆಯ ಹತ್ತಿಯನ್ನು ಒರೆಸಿಕೊಳ್ಳುತ್ತಾರೆ.

“ತಪ್ಪು ನಂದೇ. ಕೊಡೋಕೆ ಇಲ್ದೋರನ್ನ ಕೇಳಬಾರದು ಅಂದ್ಕೊಂಡಿದ್ದೆ. ತಗೊಂಬಾ ತಂಗಿ.”

ಶಫೀಕಾ ತನ್ನ ಹಾಸಿಗೆಯನ್ನು ಒಳಗಿಂದ ದರದರನೆ ಎಳೆದು ತರುತ್ತಾಳೆ. ವಹ್ಬಾ ಅದರ ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆದಾಗ ಅವಳು ಅವರ ಕೈ ತಡೆಯುತ್ತಾಳೆ.

“ಹಿಡಿ ಬೇಡ. ತಹಾನಿದು ಎಷ್ಟೋ ಅಷ್ಟು.”

ವಹ್ಬಾ ಎರಡೂ ತೋಳು ಚಾಚಿ ತುಂಬು ತೆಕ್ಕೆ ಎತ್ತುತ್ತಾರೆ. ಹಳದಿಗಟ್ಟಿದ ಆ ಹತ್ತಿ ಬಿಲ್ಲಿನ ಕೆಳಗೆ ಹಾರಿ ಉಳಿದದ್ದರೊಡನೆ ಬೆರೆಯುತ್ತದೆ. ಹೆಂಗಸರು ನಾಲಗೆ ಕುಣಿಸಿ ಕೇಕೆ ಹಾಕುತ್ತಾರೆ; ಶಫೀಕಾಳ ಕೇಕೆ ಎಲ್ಲರದಕ್ಕಿಂತ ಉದ್ದ. ಗಾಡಿ ಬರುವ ಹೊತ್ತಿಗೆ ಕೊನೆಯ ಹೊಲಿಗೆ ಬಿದ್ದಿದೆ.

ಗಾಡಿ ಹೊರಟ ಮೇಲೆ ವಹ್ಬಾ ಬಿಲ್ಲನ್ನು ಹೆಗಲಿಗೇರಿಸುತ್ತಾರೆ. ಊಟ ಮಾಡಿ ಹೋಗೆಂದರೆ ಒಪ್ಪುವುದಿಲ್ಲ.

“ಇಲ್ದೋರು ಅಂತ ಮೂವತ್ತೊಂದು ವರ್ಷ ಎಷ್ಟೋ ಮನೆ ಕೇಳದೆ ಬಿಟ್ಟಿದ್ದೀನಿ. ಭುಜ ಗಟ್ಟಿ ಇರೋವಾಗ್ಲೇ ಅಷ್ಟೂ ಬಾಗಿಲಿಗೆ ಹೋಗ್ಬೇಕು.”

“ಕ್ಷಮೆ ಕೇಳೋಕಾ?” ಎನ್ನುತ್ತಾಳೆ ತಹಾನಿ.

“ಹತ್ತಿ ಕೇಳೋಕೆ.”