ಬಿದ್ದುಹೋದ ಕಂಬದ ಕ್ಯಾಮೆರಾ

“ಆ ಫೋನಿನೊಳಗೆ ಒಬ್ಬಳು ಹೆಣ್ಣುಮಗಳು ಮಾತಾಡ್ತಾಳೆ ಕಣವ್ವ. ‘ಮುಂದೆ ಕ್ಯಾಮೆರಾ ಇದೆ, ನಿಧಾನ’ ಅಂತಾಳೆ. ದಾರಿ ತೋರ್ಸೋ ಆಪು, ನನ್ ಮಗಳು ನಯನ ಹಾಕ್ಕೊಟ್ಟಿದ್ದು. ರೋಡಲ್ಲಿ ಎಲ್ಲೆಲ್ಲಿ ಸ್ಪೀಡು ಇಡಿಯೋ ಕ್ಯಾಮೆರಾ ಅದೆ ಅಂತ ಅವ್ಳಿಗೆ ಗೊತ್ತು. ಎಂಗೆ ಗೊತ್ತು ಅಂದ್ರೆ, ನಮ್ಮಂತ ಡ್ರೈವರುಗಳೇ ಏಳ್ಕೊಡದು. ದಾಟಿದ ಮೇಲೆ ಕೇಳ್ತಾಳೆ, ‘ಕ್ಯಾಮೆರಾ ಇನ್ನೂ ಇದೆಯಾ’ ಅಂತ. ಇದ್ರೆ ‘ಇದೆ’ ಒತ್ತದು, ಇಲ್ದಿದ್ರೆ ‘ಇಲ್ಲ’ ಒತ್ತದು. ಬಾಳ ಜನ ‘ಇಲ್ಲ’ ಅಂದ್ಬುಟ್ರೆ ಆ ಜಾಗದಾಗೆ ಅವ್ಳು ಬಾಯಿ ಮುಚ್ಕೊಂಡ್ಬುಡ್ತಾಳೆ. ನಿಮ್ಮೂರ ಗೇಟ್ ತಾವ ಅವ್ಳ ಬಾಯಿ ಮುಚ್ಚಿಸ್ದೋನು ನಾನು ಕಣವ್ವ. ನಾನೊಬ್ನೇ ಒತ್ತಿದ್ರೆ ಮುಚ್ತಿರ್ನಿಲ್ಲ. ಎಳ್ನೀರು ಡ್ರೈವರುಗಳ ಗ್ರೂಪಿಗೂ ಏಳ್ದೆ. ಕಂಬ ಬಿದ್ದೋಗದೆ, ಸುಮ್ಸುಮ್ನೆ ಬ್ರೇಕ್ ಯಾಕ್ ತುಳಿತೀರಿ, ಎಲ್ರೂ ‘ಇಲ್ಲ’ ಒತ್ರಲಾ ಅಂದೆ. ಒತ್ತುದ್ರು. ಮೂರನೇ ದಿನಕ್ಕೆ ಅವ್ಳು ಸುಮ್ಕಾದ್ಲು. ಐದನೇ ದಿನಕ್ಕೆ ನಿಮ್ ಪಟ್ಟಲಮ್ಮ ತೀರೋದ್ರು.”

ಚಲುವರಾಜು ಇಷ್ಟನ್ನು ಹೇಳಿದ್ದು ಊರದಾರಿ ದೊಡ್ಡ ರಸ್ತೆಗೆ ಸೇರುವ ನಮ್ಮೂರ ಗೇಟಿನ ಮೋರಿ ಕಟ್ಟೆಯ ಮೇಲೆ ಕುಳಿತು, ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ. ಹೇಳುವಷ್ಟು ಹೊತ್ತೂ ಅವನು ನನ್ನ ಮುಖ ನೋಡಲಿಲ್ಲ. ರಸ್ತೆ ನೋಡುತ್ತಿದ್ದ. ನಾನು ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಕೇಳುತ್ತಿದ್ದೆ.

ಅವನು ಸೋಮನಹಳ್ಳಿಯವನು. ಅವನ ಅಪ್ಪ ಕೆಂಪಯ್ಯ ತೆಂಗಿನ ಮರ ಹತ್ತಿ ಕಾಯಿ ಇಳಿಸುತ್ತಿದ್ದವನು. ಮಗ ಟೆಂಪೊ ಹಿಡಿದ. ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಮಳವಳ್ಳಿ ಕಡೆಯ ತೋಟಗಳಿಗೆ ಹೋಗಿ, ಮಧ್ಯಾಹ್ನ ಎಳನೀರು ತುಂಬಿಕೊಂಡು ಮದ್ದೂರು ಮಾರುಕಟ್ಟೆಗೆ ಬರುವುದು ಅವನ ಕೆಲಸ. ಹಗ್ಗ ಕಟ್ಟಿದ ಮೇಲೆ ಇನ್ನೊಂದು ಸಲ ಎಳೆದು ನೋಡುವ ಜಾತಿಯ ಮನುಷ್ಯ. ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಗೂ ಅವನ ಗಾಡಿ ತಾಕಿದ್ದಿಲ್ಲ ಎಂದು ಅವನನ್ನು ಬಲ್ಲವರು ಹೇಳುತ್ತಾರೆ.

ನಮ್ಮೂರು ರಸ್ತೆಯ ಒಂದು ಬದಿಗೆ, ಹಾಲಿನ ಡೈರಿ ಇನ್ನೊಂದು ಬದಿಗೆ. ಎರಡು ಹೊತ್ತೂ ಹೆಂಗಸರು ಕ್ಯಾನು ಹಿಡಿದು ದಾಟಲೇಬೇಕು. ಮೊದಲು ಕಾಲು ಗಂಟೆ ಕಾದರೂ ದಾರಿ ಸಿಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗೇಟಿನ ಹತ್ತಿರ ಒಂದು ಕಂಬ ನೆಟ್ಟು ಕ್ಯಾಮೆರಾ ಇಟ್ಟರು. ಅದು ಯಾಕೆಂದು ನಾವು ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ. ಅದೇ ದಿನಗಳಲ್ಲಿ, ಹಾಲು ಹಾಕುವ ನಮ್ಮಲ್ಲೆಲ್ಲ ಹಿರಿಯಳಾದ ಪಟ್ಟಲಮ್ಮ ಬಲಗೈ ಮೇಲೆತ್ತಿ ರಸ್ತೆಗೆ ಇಳಿಯುವುದನ್ನು ಶುರು ಮಾಡಿದ್ದಳು. ಗಾಡಿಗಳು ನಿಧಾನವಾದವು.

“ನೋಡ್ದಾ, ನನ್ ಕೈಗೆ ಕಾರ್ನೋರೂ ಎದರ್ತಾರೆ,” ಎನ್ನುವಳು. “ನೀವೆಲ್ಲ ಕೈ ಎತ್ತಿದ್ರೆ ಯಾವನ್ ನಿಲ್ಲುಸ್ತಾನೆ? ಎತ್ತದಕ್ಕೂ ಒಂದು ಗತ್ತು ಇರಬೇಕು ಕಣಮ್ಮ.”

ನಾವೂ ನಂಬಿದೆವು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ‘ಪಟ್ಟಲಮ್ಮನ ಹಿಂದೆ ದಾಟಿ’ ಎಂದು ಹೇಳಿಕೊಡುತ್ತಿದ್ದೆವು. ಅವಳು ಕೈ ಎತ್ತಿ ಮುಂದೆ, ನಾವು ಬಾತುಕೋಳಿಗಳ ಹಾಗೆ ಹಿಂದೆ. ಚಲುವರಾಜುವಿನ ಟೆಂಪೊ ನಿಂತರಂತೂ ಅವಳಿಗೆ ಇನ್ನೂ ಹುರುಪು. “ಏನ್ಲಾ ಎಳ್ನೀರು, ಬರೀ ಗಾಡಿ ತೋರುಸ್ತೀಯಾ, ಒಂದು ಕಾಯಿ ಇಳ್ಸಕ್ಕಿಲ್ವಾ?” “ಓಗೋವಾಗ ಖಾಲಿ ಕಣ್ ದೊಡ್ಡವ್ವ, ಬರೋವಾಗ ನೀನಿರಕ್ಕಿಲ್ಲ,” ಎಂದು ಅವನು ನಗುವನು.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಟ್ರ್ಯಾಕ್ಟರಿನ ಲೋಡು ತಾಗಿ ಕಂಬ ಚರಂಡಿಗೆ ಬಿತ್ತು. ಆಮೇಲೆ ಯಾರೋ ಬಂದು ಸಾಗಿಸಿದರು. ಗಾಡಿಗಳು ಆಗಲೂ ನಿಧಾನವಾಗುತ್ತಲೇ ಇದ್ದವು. ಫೋನುಗಳು ಹೇಳುತ್ತಿದ್ದವಲ್ಲ! ಅದು ನಮಗೆ ಗೊತ್ತಿರಲಿಲ್ಲ, ಪಟ್ಟಲಮ್ಮನಿಗೂ ಗೊತ್ತಿರಲಿಲ್ಲ. ಫೋನುಗಳು ಸುಮ್ಮನಾದದ್ದೂ ಗೊತ್ತಾಗಲಿಲ್ಲ.

ಆ ಬೆಳಿಗ್ಗೆ ಅವಳು ಎಂದಿನ ಹಾಗೆ ಕೈ ಎತ್ತಿ ಇಳಿದಳು. ಕಾರು ಅವಳಿಗೆ ಬಡಿದು ಬಹಳ ದೂರ ಹೋಗಿ ನಿಂತಿತು. ಕ್ಯಾನು ಉರುಳಿ ಮೋರಿ ಕಟ್ಟೆಗೆ ತಗುಲಿ ನಿಂತಿತ್ತು. ಒಂದು ಕಡೆ ತಗ್ಗಾಗಿತ್ತು, ಅಷ್ಟೇ. ಮುಚ್ಚಳ ಬಿಗಿಯಾಗಿತ್ತು. ಹಾಲು ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಚಲುವರಾಜು ಅಂದು ಮಧ್ಯಾಹ್ನ ಲೋಡು ತುಂಬಿಕೊಂಡು ಬರುವಾಗ ರಸ್ತೆಯ ಮೇಲೆ ಪೊಲೀಸರು ಎಳೆದ ಸುಣ್ಣದ ಗೆರೆ ನೋಡಿದ. ಗೇಟಿನ ಟೀ ಅಂಗಡಿಯಲ್ಲಿ ಕೇಳಿದ. ಕೇಳಿದ ಮೇಲೆ ಟೀ ಕುಡಿಯಲಿಲ್ಲ.

“ಆವತ್ತಿಂದ ಬೇರೆ ಎಲ್ಲಾ ಕಡೆ ಅವ್ಳು ಮಾತಾಡ್ತಾಳೆ ಕಣವ್ವ,” ಎಂದ. “ಇಲ್ಲಿಗೆ ಬಂದ್ರೆ ಉಸುರು ಬುಡಕ್ಕಿಲ್ಲ. ಆ ಸುಮ್ಕಿರದು ನಂಗೆ ಕೇಳ್ತದೆ. ಒಂದಿನ ಫೋನ್ ಮನೇಲೇ ಬುಟ್ಟು ಬಂದೆ. ಆದ್ರೂ ಕೇಳ್ತು. ಗಾಜಿನಾಚೆ ಒಂದು ಕೈ ಅಂಗೇ ಎತ್ಕೊಂಡು ನಿಂತದೆ. ಕೆಳೀಕೆ ಇಳಿಯಕ್ಕಿಲ್ಲ.”

ಮನೆಯಲ್ಲಿ ಊಟಕ್ಕೆ ಕುಳಿತಾಗ ಮುದ್ದೆ ಮುರಿದ ಕೈಯನ್ನು ಮೇಲೆತ್ತಿ ಹಾಗೇ ಕೂತುಬಿಡುತ್ತಾನಂತೆ. ‘ಅಪ್ಪ, ಕೈ ಇಳ್ಸು’ ಎಂದು ನಯನ ಹೇಳಬೇಕಂತೆ. 

ತಡೆಯಲಾರದೆ ಒಂದು ದಿನ ಅವನೇ ಫೋನಿನಲ್ಲಿ ಈ ಜಾಗಕ್ಕೆ ‘ಕ್ಯಾಮೆರಾ ಇದೆ’ ಎಂದು ಗುರುತು ಹಾಕಿದ. ಫೋನಿನ ಹೆಣ್ಣು ಮತ್ತೆ ಮಾತಾಡಿದಳು. ಒಂದು ವಾರ ಗಾಡಿಗಳು ನಿಧಾನವಾದವು. ಆಮೇಲೆ ಹೋಗಿಬರುವವರು ಕಂಬ ಕಾಣದೆ ‘ಇಲ್ಲ’ ಒತ್ತಿದರು. ಅವಳು ಮತ್ತೆ ಸುಮ್ಮನಾದಳು. ಇವನು ಮತ್ತೆ ಗುರುತು ಹಾಕಿದ. ಮದ್ದೂರು ಮಾರುಕಟ್ಟೆಯಲ್ಲಿ ಅದನ್ನು ಕಂಡಿದ್ದ ಜೊತೆಗಾರ ಡ್ರೈವರು ಸಿದ್ದರಾಜು ಇವನನ್ನು ಹಿಡಿದುಕೊಂಡ.

“ಲೇ ಚಲುವ, ಇಲ್ಲ ಒತ್ತಿ ಅಂದೋನೂ ನೀನೇ, ಇದೆ ಅಂತ ಹಾಕ್ತಿರೋನೂ ನೀನೇ. ತಲೆ ಗಿಲೆ ಕೆಟ್ಟದಾ? ಕಂಬ ಇಲ್ಲ, ಕ್ಯಾಮ್ರ ಇಲ್ಲ, ಏನ್ ದೆವ್ವ ಫೋಟೊ ಇಡೀತದೇನ್ಲಾ?”

ಎಲ್ಲರೂ ನಕ್ಕರು. ಇವನು ಗಾಡಿಯಿಂದ ಕಾಯಿ ಇಳಿಸಿದ. ಮಾರನೆಯ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಗಾಡಿ ನಿಲ್ಲಿಸಿ ಕಟ್ಟೆಗೆ ಬಂದು ಕುಳಿತ.

ಅವನು ಹೇಳಿ ಮುಗಿಸುವಾಗ ಪಟ್ಟಲಮ್ಮನ ಸೊಸೆ ಮಂಗಳಮ್ಮ ನಮ್ಮ ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಅತ್ತೆಯ ಅದೇ ಕ್ಯಾನು. ಎಲ್ಲಾ ಕೇಳಿಸಿಕೊಂಡಿದ್ದಳು. ಚಲುವರಾಜು ಎದ್ದು ನಿಂತ. 

“ಅಕ್ಕ, ಬಯ್ಯಂಗಿದ್ರೆ ಬಯ್ದುಬುಡು.”

ಮಂಗಳಮ್ಮ ಕ್ಯಾನು ಕೆಳಗಿಟ್ಟಳು. ಆಮೇಲೆ, “ನಿನ್ನಿಂದ ತೀರೋದ್ರು ಅಂತ ನಾನು ಅನ್ನಕ್ಕಿಲ್ಲ ಅಣ್ಣ. ನಿನ್ನಿಂದ ಅಲ್ಲ ಅಂತಾನೂ ಅನ್ನಕ್ಕಿಲ್ಲ,” ಎಂದಳು. “ನಾನು ಇವತ್ತೂ ದಾಟಬೇಕು, ನಾಳೀಕೂ ದಾಟಬೇಕು. ಅದ್ಕೇನ್ ಮಾಡೀಯೆ, ಅದ್ನೇಳು.”

ಅವನು ಟೆಂಪೊ ಹತ್ತಿದ. ನಾವು ಹೋಗಿಬಿಟ್ಟನೇನೋ ಅಂದುಕೊಂಡೆವು. ಗಾಡಿಯನ್ನು ತಿರುಗಿಸಿ ರಸ್ತೆಗೆ ಅಡ್ಡ ತಂದು, ಮಿನುಗುವ ಲೈಟು ಹಾಕಿ ನಿಲ್ಲಿಸಿದ. ಹಿಂದೆ ಹಾರನ್ನುಗಳು ಕಿರುಚಿದವು. ಒಬ್ಬ ಕಾರಿನವನು ತಲೆ ಹೊರಗೆ ಹಾಕಿ ಅವನಪ್ಪನವರೆಗೂ ಬೈದ. ಕೊನೆಯ ಹೆಂಗಸು ದಾಟುವ ತನಕ ಚಲುವರಾಜು ಅಲುಗಲಿಲ್ಲ.

ಅಂದೇ ಅವನು ಡ್ರೈವರುಗಳ ಗ್ರೂಪಿಗೆ ತಾನು ಮಾಡಿದ್ದನ್ನು ಪೂರಾ ಹೇಳಿದ.   ಎರಡು ದಿನ ಬಿಟ್ಟು ಸಂಜೆ ಡೈರಿಯ ಹೊತ್ತಿನಲ್ಲಿ ಸಿದ್ದರಾಜುವಿನ ಗಾಡಿ ನಮ್ಮ ಗೇಟಿನಲ್ಲಿ ನಿಂತಿತು. ‘ದಾಟ್ರವ್ವ, ಬೇಗ, ಕಾಯಿ ಒಣಗೋಯ್ತವೆ’ ಎಂದು ಗದರಿಕೊಂಡು, ಫೋನಿನಲ್ಲಿ ‘ಇದೆ’ ಒತ್ತಿ ಹೋದ.

ಗುರುತು ಪರಿಚಯ ಇಲ್ಲದವರು ಇಂದಿಗೂ ‘ಇಲ್ಲ’ ಒತ್ತುತ್ತಾರೆ. ಅವರದು ತಪ್ಪಲ್ಲ, ಅಲ್ಲಿ ಕ್ಯಾಮೆರಾ ಇಲ್ಲವೇ ಇಲ್ಲ. ಅದಕ್ಕೇ ಚಲುವರಾಜು ಭಾನುವಾರವೂ ಬರುತ್ತಾನೆ, ಲೋಡು ಇಲ್ಲದಿದ್ದರೂ ಬರುತ್ತಾನೆ. ಜ್ವರ ಬಂದ ದಿನ ನಯನಳ ಸ್ಕೂಟರಿನ ಹಿಂದೆ ಟವಲು ಹೊದ್ದು ಬಂದಿದ್ದ. ಆ ಕೈ ಕಾಣುವುದು ನಿಂತಿತೇ ಎಂದು ನಾನೊಮ್ಮೆ ಕೇಳಿದೆ. “ಇಲ್ಲ ಕಣವ್ವ. ನಿಂತ್ರೆ ನಾನು ಬರದೂ ನಿಂತೋದಾತು,” ಎಂದ.

ಇಂದು ಬೆಳಿಗ್ಗೆ ಮಂಜು ಇತ್ತು. ಗಾಡಿ ಕಾಣುವ ಮೊದಲೇ ಅದರೊಳಗಿನ ಹೆಣ್ಣುದನಿ ಕೇಳಿತು. ಮುಂದೆ ಕ್ಯಾಮೆರಾ ಇದೆ, ನಿಧಾನ. ಟೆಂಪೊ ಅಡ್ಡ ನಿಂತಿತು. ಮಂಗಳಮ್ಮ ಕೈ ಎತ್ತಲಿಲ್ಲ, ಅವಳು ಎತ್ತುವುದೇ ಇಲ್ಲ. ಎರಡೂ ಕಡೆ ನೋಡಿ ದಾಟಿದಳು. ಕ್ಯಾಮೆರಾ ಇನ್ನೂ ಇದೆಯಾ ಎಂದು ಫೋನು ಕೇಳಿತು. ಚಲುವರಾಜು ‘ಇದೆ’ ಒತ್ತಿ ಮಳವಳ್ಳಿ ಕಡೆ ಹೋದ. ಮಂಗಳಮ್ಮ ಡೈರಿಯಲ್ಲಿ ಹಾಲು ಅಳೆಸಿ, ನಲ್ಲಿಯ ಕೆಳಗೆ ಕ್ಯಾನು ಹಿಡಿದು, ತಗ್ಗಾದ ಜಾಗಕ್ಕೆ ಬೆರಳು ಹಾಕಿ ಉಜ್ಜಿ ತೊಳೆದು, ನೀರು ಇಳಿಯಲೆಂದು ಡೈರಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು.